ಸಾಕ್ಷಿ ತಡೆದು ನಿಂತ ಜಾಗ

ಮೊದಲೇ ಹೇಳಿಬಿಡುತ್ತೇನೆ: ಆ ಸಾಕ್ಷಿ ಎಲ್ಲಿಯೂ ತಡೆದು ನಿಲ್ಲಲಿಲ್ಲ. ತಡೆದವನು ನಾನು. ಗಂಟಲು ಸರಿಮಾಡಿಕೊಂಡವನು ನಾನು, ಉಗುಳು ನುಂಗಿದವನು ನಾನು, ‘ಎಂದರೆ’ ಮತ್ತು ‘ಸರಿಯಲ್ಲ’ ಎಂಬ ಎರಡು ಶಬ್ದಗಳ ನಡುವೆ ಒಂದು ಎತ್ತಿನ ಗಾಡಿ ಹಾದುಹೋಗುವಷ್ಟು ಜಾಗ ಬಿಟ್ಟವನೂ ನಾನೇ. ಆ ಜಾಗದಲ್ಲಿ ಒಬ್ಬ ಮನುಷ್ಯ ಬಿದ್ದ.

ನಾನು ರಾಯಚೂರಿನ ಜಿಲ್ಲಾ ಕೋರ್ಟಿನಲ್ಲಿ ಜೂನಿಯರ್ ವಕೀಲ. ಜೂನಿಯರ್ ಎಂದರೆ ಅಳತೆಗೆ ಹೊಲಿಸದ ಕೋಟಿನೊಳಗೆ ಕೈ ಹುಡುಕುತ್ತಾ ನಿಂತಿರುವ ಪ್ರಾಣಿ. ‘ಸರ್ ಬರಾಕತ್ತಾರ್ರಿ, ಪಾಸ್‌ಓವರ್ ಕೊಡ್ರಿ’ ಎಂದು ಜಡ್ಜರನ್ನು ಕೇಳಿಕೊಳ್ಳುವುದು, ಅಂದರೆ ನಮ್ಮ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎನ್ನುವುದು, ಇಷ್ಟೇ ನನ್ನ ವಕೀಲಿಕೆಯ ಒಟ್ಟು ವಾದ. ಉಳಿದ ಹೊತ್ತೆಲ್ಲ ನಾನು ಮಾಡುತ್ತಿದ್ದದ್ದು ನಕಲು. ಅಪ್ಪನದು ಮಾರ್ಕೆಟ್ಟಿನಲ್ಲಿ ಬಳೆ ಅಂಗಡಿ. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಗಡಿಯಾಚೆಯಿಂದ ಬಂದವರೊಂದಿಗೆ ತೆಲುಗು. ಬಳೆ ತೊಡಿಸುವಾಗ ಕೈ ನೊಂದ ಹೆಂಗಸರು ಮೂರು ಭಾಷೆಯಲ್ಲಿ ಬೈಯುವುದನ್ನು ಕೇಳಿ ಬೆಳೆದವನಿಗೆ ಬೇರೆ ವಿದ್ಯೆ ಬೇಕಿರಲಿಲ್ಲ. ಕೋರ್ಟಿಗೆ ಬಂದ ಮೇಲೆ ಸರ್ಕಾರಿ ವಕೀಲರು ನನಗೆ ಸಿಕ್ಕರು. ‘ಇಷ್ಟೇ ಸ್ವಾಮಿ’ ಎಂದು ಮುಗಿಸಿ ಮತ್ತೆ ಅರ್ಧ ತಾಸು ಮಾತಾಡುವವರು. ಹೆಸರು ಕೂಗುವ ಜವಾನ ಸಿಕ್ಕ. ಅವನು ಕೂಗಿದರೆ ವಾದಿಗೂ ತಾನೇ ಆರೋಪಿ ಎನಿಸುತ್ತಿತ್ತು. ಬಾರ್ ರೂಮಿನಲ್ಲಿ ನಾನು ಇವರನ್ನೆಲ್ಲ ಒಬ್ಬೊಬ್ಬರಾಗಿ ಹೊರತೆಗೆದರೆ ಹಿರಿಯ ವಕೀಲರೂ ಚಹಾ ಆರಲು ಬಿಟ್ಟು ನಗುತ್ತಿದ್ದರು. ಅಮ್ಮ ಮಾತ್ರ, ಊಟಕ್ಕೆ ಕೂತಾಗಲೂ ನಾನು ಜವಾನನ ದನಿಯಲ್ಲಿ ರೊಟ್ಟಿ ಕೇಳಿದರೆ, ‘ತೇರಾ ಆವಾಜ್ ಕಾಂ ಗಯಾ ರೇ?’ ಎನ್ನುತ್ತಿದ್ದಳು. ನಿನ್ನ ದನಿ ಎಲ್ಲಿ ಹೋಯಿತೋ ಎಂದು. ಉತ್ತರ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದನ್ನು ಯಾರದಾದರೂ ದನಿಯಲ್ಲೇ ಹೇಳುತ್ತಿದ್ದೆ.

ನನ್ನ ಸೀನಿಯರ್ ಮಾನ್ವಿ ಕಡೆಯ ವೈಷ್ಣವರು. ಅವರ ಮನೆತನ ಮಠದ ಪೂಜೆಯದು. ಇವರೊಬ್ಬರೇ ಕರಿ ಕೋಟು ಹಾಕಿದವರು. ಏಕಾದಶಿಯ ದಿನ ಹೊಟ್ಟೆಗಿಲ್ಲದೆ ವಾದ ಮಾಡುತ್ತಿದ್ದರು, ಆ ದಿನ ಎದುರಿನ ವಕೀಲರು ಹತ್ತಿರ ನಿಲ್ಲುತ್ತಿರಲಿಲ್ಲ. ಅವರು ಹಿಡಿಯುತ್ತಿದ್ದುದು ಮೇಲ್ಮನವಿಗಳನ್ನು ಮಾತ್ರ, ಅದರಲ್ಲೂ ಪೆನ್ನಿನಿಂದ ಆಗುವ ಅಪರಾಧಗಳನ್ನು. ಸುಳ್ಳು ಸಹಿ, ಇಲ್ಲದ ಸರಕಿನ ರಸೀದಿ, ನಂಬಿಕೆದ್ರೋಹ. ಕಕ್ಷಿದಾರರೆಲ್ಲ ಇಸ್ತ್ರಿ ಅಂಗಿಯವರು, ಜೇಬಿನಲ್ಲಿ ಇನ್ನೂ ಪೆನ್ನು ಇಟ್ಟುಕೊಂಡೇ ಬರುವವರು.

‘ಮ್ಯಾಲಿನ ಕೋರ್ಟಿಗೆ ಮನಷ್ಯಾ ಬರಂಗಿಲ್ಲ, ಕಾಗದ ಬರ್ತದ’ ಎನ್ನುತ್ತಿದ್ದರು ಸರ್. ‘ಸಾಕ್ಷಿ ಕೆಳಗ ಬೆವತಿರ್ತಾನ, ಅತ್ತಿರ್ತಾನ. ಮ್ಯಾಲ ಬರೋದು ಬರೇ ಟೈಪ್ ಹೊಡದದ್ದು. ಕಾಗದದಾಗ ಇಲ್ಲದ್ದು ನಮಗ ಇಲ್ಲ, ತಿಳೀತಿಲ್ಲೋ ತಮ್ಮಾ?’

ಹೀಗೆ ಕಾಗದವನ್ನೇ ನಂಬಿದ ಮನುಷ್ಯನಿಗೆ ಕಾಗದ ಕಾಣುವುದು ನಿಂತಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮುಖಗಳು ಗೊತ್ತಾಗುತ್ತಿದ್ದವು, ಅಕ್ಷರ ಗೊತ್ತಾಗುತ್ತಿರಲಿಲ್ಲ. ಇದು ಕೋರ್ಟಿನಲ್ಲಿ ನನ್ನೊಬ್ಬನನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಭಾನುವಾರ ಅವರು ಮಾನ್ವಿಯ ಮನೆಗೆ ಹೋಗುವಾಗ ಫೈಲುಗಳೊಂದಿಗೆ ನಾನೂ ಹೋಗುತ್ತಿದ್ದೆ. ಪಡಸಾಲೆಯ ಕಂಬಕ್ಕೆ ಒರಗಿ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಸಾಕ್ಷಿಗಳ ಹೇಳಿಕೆ ಓದುತ್ತಿದ್ದೆ. ಮೊದಲ ವಾರ ಸುಮ್ಮನೆ ಓದಿದೆ. ಸರ್ ಗೊರಕೆ ಹೊಡೆದರು. ಮರುವಾರ, ಬೇಸರಕ್ಕೆ, ತನಿಖಾಧಿಕಾರಿಯ ಹೇಳಿಕೆಯನ್ನು ತನಿಖಾಧಿಕಾರಿಯ ದನಿಯಲ್ಲಿ ಓದಿದೆ. ಸರ್ ಎದ್ದು ಕೂತರು.

‘ಏ! ಇದನ್ನ ಎಲ್ಲಿ ಕಲ್ತಿ?’

‘ಬಳಿ ಅಂಗಡ್ಯಾಗ್ರಿ ಸರ್.’

‘ಹಿಂಗೇ ಓದು. ಕೋರ್ಟು ಕಣ್ಮುಂದ ಬರ್ತದ.’

ಅಲ್ಲಿಂದ ಮುಂದೆ ನಮ್ಮ ಪದ್ಧತಿಯೇ ಅದಾಯಿತು. ಗುಮಾಸ್ತನಿಗೆ ಒಂದು ದನಿ, ಪಂಚನಿಗೆ ಒಂದು, ಬ್ಯಾಂಕಿನ ಮ್ಯಾನೇಜರಿಗೆ ಮೂಗಿನಲ್ಲಿ ಒಂದು. ಇವರಲ್ಲಿ ಒಬ್ಬರನ್ನೂ ನಾನು ಕಂಡಿರಲಿಲ್ಲ. ಟೈಪು ಹೊಡೆದ ಸಾಲು ನೋಡಿ ನಾನೇ ಅವರನ್ನು ಹುಟ್ಟಿಸುತ್ತಿದ್ದೆ. ಒಳಗಿನಿಂದ ಸರ್ ಮನೆಯವರು ಬಂದು, ‘ಎಷ್ಟ್ ಮಂದಿ ಬಂದಾರ, ಯಾರ‍್ಯಾರಿಗೆ ಕಾಫಿ ತರ‍್ಲಿ?’ ಎಂದು ನನ್ನನ್ನೇ ಛೇಡಿಸುತ್ತಿದ್ದರು.

ಆ ವರ್ಷ ಬಂದ ಕೇಸು ದೇವದುರ್ಗದ ಒಂದು ಸಹಕಾರ ಸಂಘದ ಕಾರ್ಯದರ್ಶಿಯದು. ಸಂಘಕ್ಕೆ ಬಾರದ ಗೊಬ್ಬರ ಬಂದಿದೆ ಎಂದು ರಸೀದಿಗಳಿಗೆ ಸಹಿ ಮಾಡಿದ್ದಾರೆ ಎಂಬುದು ಆರೋಪ. ಸಹಿ ಅವರದೇ. ಸಹಿ ಹಾಕಿಸಿಕೊಂಡ ಅಧ್ಯಕ್ಷರು ಹೇಗೋ ಪಾರಾಗಿದ್ದರು. ಕೆಳಗಿನ ಕೋರ್ಟು ಇವರಿಗೆ ಮೂರು ವರ್ಷ ಕೊಟ್ಟಿತ್ತು. ಮೇಲ್ಮನವಿ ಮುಗಿಯುವವರೆಗೆ ಜಾಮೀನಿನ ಮೇಲೆ ಹೊರಗಿದ್ದರು. ಗೆದ್ದರೆ ಮನೆ, ಸೋತರೆ ಜೈಲು.

ತೆಳ್ಳಗಿನ ಮನುಷ್ಯ, ದನಿ ಇನ್ನೂ ತೆಳ್ಳಗೆ. ಪ್ರತಿ ತಾರೀಖಿಗೂ ದೇವದುರ್ಗದ ಬಸ್ಸಿಳಿದು ಹೆಂಡತಿಯೊಂದಿಗೆ ಬರುತ್ತಿದ್ದರು. ಆಕೆಯ ಕೈಯಲ್ಲಿ ಒಂದು ಚೀಲ. ಅದರಲ್ಲಿ ಬುತ್ತಿ ಎಂದುಕೊಂಡು ನಾನು ಒಂದು ದಿನ ಇಣುಕಿ, ‘ಯಕ್ಕಾ, ಶೇಂಗಾ ಚಟ್ನಿ ಅದನೇನ್ರಿ?’ ಎಂದೆ. ಒಳಗೆ ಲುಂಗಿ, ಟವೆಲು, ಸಾಬೂನು, ಬಿಪಿ ಗುಳಿಗೆ ಇದ್ದವು.

‘ಒಳಗ ಕಳಿಸಿದ್ರ ಬೇಕಾಗ್ತದಲ್ಲಪ್ಪಾ’ ಎಂದಳು. ‘ಅವತ್ತ ಎಲ್ಲಿಂದ ತರಲಿ?’

ಕಾರ್ಯದರ್ಶಿಗಳು ಒಮ್ಮೆ ಮಾತ್ರ ತಮ್ಮ ಕಥೆ ಹೇಳಿದ್ದರು, ಸರ್ ಚೇಂಬರಿನಲ್ಲಿ, ಕುರ್ಚಿಯ ತುದಿಗೆ ಕೂತು. ‘ಆಫೀಸಿನ್ಯಾಗ ನಾ ಸಹಿ ಮಾಡೇ ಇಲ್ರಿ. ನನಗ ಜ್ವರ ಬಂದು ಮನ್ಯಾಗ ಮಲಗಿದ್ದೆ. ಅಧ್ಯಕ್ಷರು ಮನಿಗೇ ಬಂದ್ರು. ಅರ್ಜೆಂಟ್ ಅದ, ನಾಳೆ ಮಾಲು ಇಳೀತದ ಅಂದ್ರು. ಹಾಸಿಗ್ಯಾಗ ಕುಂತೇ ಹಾಕ್ದೆ.’

‘ಆ ದಿನ ಚಾ ಮಾಡಿ ಕೊಟ್ಟಾಕಿ ನಾನು’ ಎಂದಳು ಹೆಂಡತಿ.

ಸರ್ ತಲೆ ಅಲ್ಲಾಡಿಸಿದರು. ‘ಇದನ್ನ ಕೆಳಗಿನ ಕೋರ್ಟಿನ್ಯಾಗ ಹೇಳೀರೇನು?’

‘ಅಲ್ಲಿ ವಕೀಲರು ಎಲ್ಲಾದಕ್ಕೂ ಸುಳ್ಳು ಅನ್ನು, ಮತ್ತೇನೂ ಮಾತಾಡಬ್ಯಾಡ ಅಂದಿದ್ರು. ಹಂಗೇ ಅಂದೆ.’

ಅದು ನಿಜ. ಫೈಲಿನಲ್ಲಿ ಆರೋಪಿಯ ಹೇಳಿಕೆಯ ಹಾಳೆಗಳಿದ್ದವು. ಜಡ್ಜರು ಕೇಳಿದ ಪ್ರತಿ ಪ್ರಶ್ನೆಗೂ ‘ಸುಳ್ಳು’ ಎಂಬ ಒಂದೇ ಶಬ್ದ. ಕೊನೆಗೆ, ಏನಾದರೂ ಹೇಳುವುದಿದೆಯೇ ಎಂದರೆ ‘ಇಲ್ಲ’. ಮಾನ್ವಿಯಲ್ಲಿ ಅಷ್ಟೂ ಹಾಳೆಗಳನ್ನು ನಾನು ಒಟ್ಟಿಗೆ ಮಗುಚಿದ್ದೆ. ನಕಲು ಮಾಡಲು ಅಲ್ಲಿ ಏನೂ ಇರಲಿಲ್ಲ.

‘ಕಾಗದದಾಗ ಇಲ್ಲಲ್ಲ ತಾಯಿ’ ಎಂದರು ಸರ್ ಆಕೆಗೆ. ‘ಹೊಸಾ ಪುರಾವೆ ತಗೋರಿ ಅಂತ ಅರ್ಜಿ ಹಾಕಬೌದು. ಆದ್ರ ಇಷ್ಟ್ ವರ್ಷ ಎಲ್ಲಿದ್ರಿ ಅಂತಾರ. ಅದು ಬ್ಯಾಡ. ಇದ್ದದ್ದರಾಗೇ ಹೊಡದಾಡೋಣ.’

ಇದ್ದದ್ದರಲ್ಲಿ ನಮಗೆ ಅಡ್ಡವಾಗಿದ್ದವನು ಒಬ್ಬನೇ, ಸಂಘದ ಗುಮಾಸ್ತ. ಸಹಿ ನನ್ನ ಕಣ್ಣೆದುರಿಗೆ ಆಫೀಸಿನಲ್ಲೇ ಆಯಿತು, ಗೊಬ್ಬರ ಬಂದಿಲ್ಲವೆಂದು ಅವರಿಗೆ ಗೊತ್ತಿತ್ತು ಎಂದು ಹೇಳಿದ್ದವನು. ಅವನ ಪಾಟೀಸವಾಲನ್ನು ನಾನು ಮಾನ್ವಿಯಲ್ಲಿ ಓದುತ್ತಿದ್ದೆ. ನಮ್ಮ ಕೋರ್ಟುಗಳಲ್ಲಿ ವಕೀಲ ಕೇಳಿದ್ದನ್ನೂ ಸಾಕ್ಷಿ ಅಲ್ಲಗಳೆದದ್ದನ್ನೂ ಸೇರಿಸಿ ಒಂದೇ ವಾಕ್ಯ ಮಾಡಿ ಟೈಪು ಹೊಡೆಯುತ್ತಾರೆ: ‘ಆರೋಪಿಯು ಸಹಿ ಮಾಡುವಾಗ ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ.’ ಓದುವವನಿಗೆ ಇದು ಒಣ ವಾಕ್ಯ. ನನಗೆ ಒಣ ವಾಕ್ಯ ಕಂಡರೆ ಕೈ ತುರಿಸುತ್ತದೆ. ಗುಮಾಸ್ತನನ್ನು ನಾನು ಆಗಲೇ ಒಬ್ಬ ಪುಕ್ಕಲನನ್ನಾಗಿ ಮಾಡಿಟ್ಟಿದ್ದೆ. ‘ಇರಲಿಲ್ಲ’ ಎಂದೆ. ನಿಂತೆ. ಕೆಮ್ಮಿದೆ. ‘ಎಂದರೆ...’ ಮತ್ತೆ ನಿಂತೆ. ಉಗುಳು ನುಂಗಿ, ದನಿ ಇಳಿಸಿ, ‘ಸರಿಯಲ್ಲ’ ಎಂದೆ.

ಸರ್ ಕಣ್ಣು ತೆರೆದರು. ‘ಅಲ್ಲಿ ತಡದಾನಲ್ಲ ಅವ?’

ಒಳ್ಳೆಯ ನಟನಿಗೆ ಸಿಕ್ಕ ಚಪ್ಪಾಳೆಯಂತೆ ಕೇಳಿಸಿತು ನನಗೆ. ‘ತಡದಾನ್ರಿ ಸರ್’ ಎಂದೆ.

‘ಬರಕೋ.’

ಬರೆದುಕೊಂಡೆ. ನಾನು ಹೇಳಿದ್ದು ನನ್ನ ಗುಮಾಸ್ತನ ಬಗ್ಗೆ, ಅವರು ಕೇಳಿದ್ದು ಕಾಗದದ ಗುಮಾಸ್ತನ ಬಗ್ಗೆ. ಸಾಕ್ಷಿ ತಡವರಿಸಿದರೆ ಕೆಲವು ಜಡ್ಜರು ಹೇಳಿಕೆಯಲ್ಲೇ ಹಾಗೆಂದು ಬರೆಸುತ್ತಾರೆ. ಇಲ್ಲಿಯೂ ಬರೆಸಿದ್ದಾರೆ ಎಂದು ಸರ್ ತಿಳಿದರು. ನನಗೆ ಇದು ಹೊಳೆದದ್ದು ವಾದದ ಹಿಂದಿನ ದಿನ. ಸರ್ ವಾದವನ್ನು ಬಾಯಲ್ಲಿ ಕಟ್ಟುತ್ತಾ ಚೇಂಬರಿನಲ್ಲಿ ಅಡ್ಡಾಡುತ್ತಿದ್ದರು. ಉಳಿದ ಎಲ್ಲ ಅಂಶಗಳನ್ನು ಹಿಂದೆ ಸರಿಸಿ ಅದೊಂದನ್ನೇ ಮುಂದಿಟ್ಟಿದ್ದರು.

‘ಇದೇ ಗುದ್ದು ನೋಡು. ಈ ಒಂದು ಜಾಗಾದಾಗ ಅವನ ಸುಳ್ಳು ಸಿಕ್ಕೊಂಡದ.’

ಆಗ ಹೇಳಬಹುದಿತ್ತು. ಬಾಯಿ ತೆರೆದೆ. ಬಂದದ್ದು ಜವಾನನ ದನಿ. ‘ಸಾಹೇಬ್ರು ಕರಿಯಾಕತ್ತಾರ್ರೀ!’ ಎಂದು ಕೂಗಿ ಸರ್ ಅವರನ್ನು ನಗಿಸಿದೆ. ಮರುದಿನ ಬೆಳಿಗ್ಗೆ ಆಟೋದಲ್ಲಿ ಕೋರ್ಟಿಗೆ ಬರುವಾಗ ಮತ್ತೆ ಪ್ರಯತ್ನಿಸಿದೆ. ‘ಸರ್, ಒಂದು ಮಾತು...’ ಎಂದೆ. ಅದು ಸರ್ಕಾರಿ ವಕೀಲರು ವಾದ ಶುರುಮಾಡುವ ಧಾಟಿಯಲ್ಲೇ ಬಂತು. ಸರ್ ಮತ್ತೆ ನಕ್ಕರು. ‘ಇವತ್ತು ಅವರ ಬಾಯಿ ಮುಚ್ಚಸ್ತೀನಿ ಬಾ’ ಎಂದರು. ಕೋರ್ಟು ಹತ್ತಿರವಾದಂತೆಲ್ಲ ಆಟೋ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ರಾಯಚೂರಿನ ರಸ್ತೆಗೆ ಎಲ್ಲ ಆಟೋಗಳನ್ನೂ ಕೆಡಿಸಿ ರೂಢಿ, ಆ ಒಂದನ್ನು ಬಿಟ್ಟಿತು.

ಸರ್ ಅಂದು ಚೆನ್ನಾಗಿ ವಾದಿಸಿದರು. ಜಡ್ಜರು ಬರೆದುಕೊಳ್ಳುತ್ತಿದ್ದರು. ನಾನು ಅವರ ಪೆನ್ನನ್ನೇ ನೋಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕಾರ್ಯದರ್ಶಿಗಳು, ಪಕ್ಕದಲ್ಲಿ ಹೆಂಡತಿ, ಆಕೆಯ ತೊಡೆಯ ಮೇಲೆ ಚೀಲ.

‘ಕೊನೆಯದಾಗಿ, ಸ್ವಾಮಿ, ಸ್ಥಳದಲ್ಲಿ ಇದ್ದಿರೋ ಇಲ್ಲವೋ ಎಂದಾಗ ಈ ಸಾಕ್ಷಿ ತಡವರಿಸಿದ್ದಾನೆ. ಕೆಳ ನ್ಯಾಯಾಲಯ ಅದನ್ನು ಗಮನಿಸಿದೆ, ಆದರೆ ತೀರ್ಪಿನಲ್ಲಿ ಬಿಟ್ಟಿದೆ.’

‘ಯಾವ ಪುಟ?’ ಎಂದರು ಜಡ್ಜರು.

ಸರ್ ನನ್ನ ಕಡೆ ಕೈ ಚಾಚಿದರು. ನಾನು ಪುಟ ಮಗುಚಿದೆ. ಮತ್ತೊಮ್ಮೆ ಮಗುಚಿದೆ. ಇಲ್ಲದ್ದನ್ನು ಹುಡುಕುವವನ ಕೈ ಎಷ್ಟು ಚುರುಕಾಗಿರುತ್ತದೆ ಎಂಬುದು ಅಂದು ತಿಳಿಯಿತು. ಸರ್ಕಾರಿ ವಕೀಲರು ತಮ್ಮ ಪ್ರತಿ ನೋಡಿ, ‘ಅಂಥಾದ್ದೇನೂ ಇಲ್ಲ ಸ್ವಾಮಿ, ಇಷ್ಟೇ’ ಎಂದರು. ಅವರ ಜೀವನದಲ್ಲಿ ಮೊದಲ ಬಾರಿಗೆ ಅಷ್ಟಕ್ಕೇ ಮುಗಿಸಿದರು.

ಚಾಚಿದ ಕೈ ಹಾಗೇ ಇತ್ತು. ಆಮೇಲೆ ಸರ್ ಅದನ್ನು ನಿಧಾನವಾಗಿ ಹಿಂದೆಗೆದುಕೊಂಡರು. ಅವರಿಗೆ ಅರ್ಥವಾಗಿತ್ತು. ನನ್ನನ್ನು ದೂರಬಹುದಿತ್ತು, ಕಣ್ಣನ್ನು ದೂರಬಹುದಿತ್ತು.

‘ಆ ವಾದವನ್ನು ಹಿಂಪಡೆಯುತ್ತೇನೆ, ಸ್ವಾಮಿ.’

ಜಡ್ಜರು ಪೆನ್ನಿಗೆ ಮುಚ್ಚಳ ಹಾಕಿದರು. ಸರ್ ಆಮೇಲೂ ಸ್ವಲ್ಪ ಹೊತ್ತು ಮಾತಾಡಿದರು. ಮುಚ್ಚಳ ತೆರೆಯಲಿಲ್ಲ. ತೀರ್ಪಿಗೆ ಮುಂದಿನ ತಾರೀಖು ಕೊಟ್ಟರು.

ಹೊರಗೆ ಬೇವಿನ ಮರದ ಕೆಳಗೆ ಸರ್ ನನಗೆ ಬೈಯಲಿಲ್ಲ. ‘ಆಟೋ ಕರಿ’ ಎಂದರು. ದಾರಿಯಲ್ಲಿ ಒಂದೇ ಒಂದು ಕೇಳಿದರು: ‘ಉಳಿದ ಕೇಸಿನ್ಯಾಗ ಎಷ್ಟ್ ಮಂದೀನ್ನ ನೀ ಮಾಡಿ?’ ಯಾರು ಕಾಗದದವರು, ಯಾರು ನನ್ನವರು ಎಂದು ನನಗೇ ಗೊತ್ತಿರಲಿಲ್ಲ. ಆ ಭಾನುವಾರ ಅವರು ನನ್ನನ್ನು ಮಾನ್ವಿಗೆ ಕರೆಯಲಿಲ್ಲ.

ಅಂಗಡಿಯಲ್ಲಿ ಕೂತರೆ ಕೈಯಿಂದ ಬಳೆ ಜಾರುತ್ತಿತ್ತು. ‘ವಕೀಲ್ ಸಾಬ್, ಘರ್ ಜಾವ್’ ಎಂದು ಅಪ್ಪ ಎಬ್ಬಿಸಿ ಕಳಿಸಿದ. ನಾನು ಮನೆಗೆ ಹೋಗಲಿಲ್ಲ, ದೇವದುರ್ಗದ ಬಸ್ಸು ಹತ್ತಿದೆ. ಕಾರ್ಯದರ್ಶಿಗಳಿಗೆ ನಿಜ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಬೇರೆ ಯಾರ ದನಿಯೂ ಬರದಂತೆ, ಕಿಟಕಿಗೆ ಮುಖ ಮಾಡಿ, ಮೆಲ್ಲಗೆ ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದ ಮುದುಕ, ‘ಯಾರ ಜೋಡಿ ಮಾತಾಡಾಕತ್ತೀಯೋ ಯಪ್ಪಾ?’ ಎಂದು ಸೀಟು ಬದಲಿಸಿದ.

ಬಾಗಿಲು ತೆರೆದ ಕಾರ್ಯದರ್ಶಿಗಳ ಮುಖ ಅರಳಿತು. ವಕೀಲ ಮನೆಗೆ ಬಂದಿದ್ದಾನೆ ಎಂದರೆ ಒಳ್ಳೆಯ ಸುದ್ದಿಯೇ ಇರಬೇಕು ಎಂದು. ‘ಬರ್ರಿ ಬರ್ರಿ, ಕುಂದುರ್ರಿ.’ ಹೆಂಡತಿ ಚಹಾ ತಂದಳು. ಅಧ್ಯಕ್ಷರಿಗೂ ಆಕೆ ಹೀಗೇ ತಂದಿರಬೇಕು ಎನಿಸಿ ಕಪ್ಪು ಎತ್ತಲಾಗಲಿಲ್ಲ.

‘ಒಂದು ಹೇಳೋದಿತ್ತು’ ಎಂದೆ.

‘ಹೇಳೋದು ಇರ‍್ಲಿ ಬಿಡ್ರಿ’ ಎಂದರು ಅವರು, ಅಂಜುತ್ತಾ ನಗುತ್ತಾ. ‘ನೀವು ಜಡ್ಜ್ ಸಾಹೇಬ್ರ ದನಿ ತಗೀತೀರಂತಲ್ಲ, ಬಾರ್ ರೂಮಿನ್ಯಾಗ ಅನ್ನಾಕತ್ತಿದ್ರು. ನನ್ನ ಬಿಟ್ಟಂಗ ಒಮ್ಮಿ ಹೇಳ್ರಿ. ಕೇಳೋಣ.’

ಹೇಳಬೇಕೆಂದು ಬಂದದ್ದು ಅಲ್ಲಿಗೇ ಸತ್ತಿತು. ನನ್ನ ಕೈಲಾದದ್ದನ್ನೇ ಮಾಡಿದೆ. ಕನ್ನಡಕ ಮೂಗಿನ ತುದಿಗೆ ಇಳಿಸಿದಂತೆ ಮಾಡಿ, ‘ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ. ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ’ ಎಂದೆ. ಅವರು ಮಗುವಿನಂತೆ ಚಪ್ಪಾಳೆ ತಟ್ಟಿದರು. ಕಣ್ಣು ಒದ್ದೆಯಾಗಿದ್ದವು.

ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ‘ಇನ್ನೊಂದೂ ಮಾಡಪ್ಪಾ’ ಎಂದಳು.

‘ಯಾವುದು ಯಕ್ಕಾ?’

‘ಇನ್ನೊಂದು. ಈಗ ಕೇಳಿಟ್ಟರ ಅವತ್ತ ಎದಿ ಒಡ್ಯಂಗಿಲ್ಲ.’

‘ಏ, ಸುಮ್ನಿರು’ ಎಂದರು ಅವರು.

‘ನೀವು ಬೇಕಾರ ಒಳಗ ಹೋಗ್ರಿ. ನಾ ಕೇಳಬೇಕು.’

ಅವರು ಒಳಗೆ ಹೋಗಲಿಲ್ಲ. ನೆಲ ನೋಡುತ್ತಾ ಕೂತರು. ನಾನು ಹೇಳಿದೆ. ‘ಮೇಲ್ಮನವಿಯನ್ನು ವಜಾ ಮಾಡಲಾಗಿದೆ. ಕೆಳ ನ್ಯಾಯಾಲಯದ ಶಿಕ್ಷೆಯನ್ನು ಕಾಯಂಗೊಳಿಸಲಾಗಿದೆ.’ ಎಷ್ಟೋ ದನಿ ತೆಗೆದಿದ್ದೇನೆ. ಅಷ್ಟು ಸರಿಯಾಗಿ ಯಾವುದೂ ಬಂದಿರಲಿಲ್ಲ. ಆಕೆ ಒಮ್ಮೆ ತಲೆಯಾಡಿಸಿ ಕಪ್ಪುಗಳನ್ನು ಎತ್ತಿಕೊಂಡು ಹೋದಳು. ನಾನು ಹೇಳಲು ಬಂದದ್ದನ್ನು ಹೇಳದೆಯೇ ಬಸ್ಸು ಹಿಡಿದೆ.

ತೀರ್ಪಿನ ದಿನ ಜಡ್ಜರು ಅದೇ ಎರಡು ವಾಕ್ಯ ಓದಿದರು, ನನಗಿಂತ ಮೆಲ್ಲಗೆ. ಮುಂದೆ ಹಾಳೆ ತಿರುವುತ್ತಾ, ಸಾಕ್ಷಿ ತಡವರಿಸಿದ ಕುರಿತ ವಾದವನ್ನು ವಕೀಲರೇ ಹಿಂಪಡೆದಿರುವುದರಿಂದ ಸಾಕ್ಷಿಯನ್ನು ನಂಬದಿರಲು ಕಾರಣ ಕಾಣುವುದಿಲ್ಲ ಎಂದರು. ಆರೋಪಿಯನ್ನು ವಶಕ್ಕೆ ಪಡೆಯುವಂತೆ ಹೇಳಿದರು. ಕಾರ್ಯದರ್ಶಿಗಳು ಎದ್ದು ನಿಂತು ಸುತ್ತ ನೋಡಿದರು, ಯಾರೋ ಬೇರೆಯವರ ಹೆಸರು ಕೂಗಿದಂತೆ. ಹೆಂಡತಿ ಅಳಲಿಲ್ಲ. ಚೀಲ ಕೊಟ್ಟಳು. ಗುಳಿಗೆ ಯಾವ ಬದಿಗಿವೆ ಎಂದು ತೋರಿಸಿದಳು. ಅವರು ಅಂಗಿಯ ಜೇಬಿನ ಪೆನ್ನು ತೆಗೆದು ಆಕೆಯ ಕೈಗಿಟ್ಟು ಪೊಲೀಸರ ಹಿಂದೆ ನಡೆದರು.

ಕೋರ್ಟಿನ ಮೆಟ್ಟಿಲ ಬಳಿ ನಾವು ಮೂವರೇ ಉಳಿದೆವು. ಅಲ್ಲಿ, ಕೊನೆಗೂ, ಹೇಳಿದೆ. ಗುಮಾಸ್ತ ತಡೆಯಲಿಲ್ಲ, ಓದುವಾಗ ನಾನು ತಡೆದೆ, ಸರ್ ಕೇಳಿದಾಗ ಹೌದೆಂದೆ. ಯಾರ ದನಿಯೂ ಆಗಿರಲಿಲ್ಲ ಅದು. ಅಷ್ಟು ಕೀರಲು ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಸರ್ ನನ್ನನ್ನು ತಡೆದು, ‘ಕಾಣಲಾರದ ಕಣ್ಣು ಇಟ್ಕೊಂಡು ಕೇಸ್ ಹಿಡದದ್ದು ನಂದೇ ತಪ್ಪು’ ಎಂದರು. ಆಮೇಲೆ ವಕೀಲರಾದರು. ‘ತಾಯಿ, ಇಲ್ಲಿಗೇ ಮುಗೀಲಿಲ್ಲ. ಕಲಬುರಗಿ ಹೈಕೋರ್ಟಿಗೆ ಹೋಗೋಣ. ಈ ಸಲ ಕಾಗದದಾಗ ಏನದ ಅಷ್ಟನ್ನೇ ಹಿಡದು...’

ಆಕೆ ಪೆನ್ನನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಗಂಟನ್ನು ಎಳೆದು ಬಿಗಿ ಮಾಡಿದಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ ಹೇಳಿದ್ದು ಇಷ್ಟು. ಅದರ ನಂತರ ಸರ್ ಆಗಲಿ ನಾನಾಗಲಿ ಆಕೆಯ ಮುಂದೆ ಹೈಕೋರ್ಟಿನ ಮಾತೆತ್ತಲಿಲ್ಲ.

‘ಆ ಗುಮಾಸ್ತ ತಡದೇ ಇಲ್ಲ, ಅದು ನಿಮಗ ಕಾಗದದಾಗ ಕೇಳಿಸ್ತು. ನಮ್ಮವರಿಗೆ ಜ್ವರ ಬಂದದ್ದು ಖರೇ, ಬಾಯಿಬಿಟ್ಟು ಹೇಳಿದ್ರು, ಅದು ಮಾತ್ರ ಕಾಗದದಾಗ ಇಲ್ಲ ಅಂದ್ರಿ.’